ಗುಬ್ಬಕ್ಕನ ಅಗಳಿ

ಕಾಗಕ್ಕ ಗುಬ್ಬಕ್ಕನ ಕಥೆ ಕೇಳದೆ ಬೆಳೆದವರು ನಮ್ಮ ವಿಜಯಪುರದ ಕಡೆ ಕಡಿಮೆ. ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆ ಬಂದು ಸಗಣಿಯ ಮನೆ ಕರಗುತ್ತದೆ. ತೊಯ್ದ ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ಒಳಗಿನಿಂದ ಗುಬ್ಬಕ್ಕ ಕೂಸಿಗೆ ಎರೆಯುವುದು, ತಲೆ ಬಾಚುವುದು, ಕುಂಕುಮ ಹಚ್ಚುವುದು, ತೊಟ್ಟಿಲು ತೂಗುವುದು ಎಂದು ಒಂದೊಂದೇ ಕೆಲಸ ಹೇಳಿ ಅವಳನ್ನು ಕಾಯಿಸುತ್ತಾಳೆ. ಕೊನೆ ಮಾತ್ರ ಒಂದೊಂದು ಮನೆಯಲ್ಲಿ ಒಂದೊಂದು ಬಗೆ.

ಬಬಲೇಶ್ವರದ ಶಾಲೆಯಲ್ಲಿ ಈ ಕಥೆ ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತ. "ಅಕ್ಕೋರ, ಗುಬ್ಬಿ ಅಷ್ಟ ಸಣ್ಣದು, ನೀರಿನ ಕೊಡ ಹೆಂಗ ಎತ್ತತೈತ್ರಿ?" ತರಗತಿಯೆಲ್ಲ ನಕ್ಕಿತು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಅಮೆರಿಕದ ಇ. ಬಿ. ವೈಟ್ 1945ರಲ್ಲಿ ಪ್ರಕಟಿಸಿದ 'ಸ್ಟುವರ್ಟ್ ಲಿಟಲ್' ಇಂಥ ಪ್ರಶ್ನೆಗೇ ಉತ್ತರ ಹುಡುಕುತ್ತದೆ. ಅದರ ನಾಯಕ ಮನುಷ್ಯರ ಮನೆಯಲ್ಲಿ ಹುಟ್ಟಿದ, ಎರಡೇ ಇಂಚು ಎತ್ತರದ, ಇಲಿಯಂಥ ಹುಡುಗ. ನಲ್ಲಿ ತಿರುಗಿಸುವ ಬಲ ಅವನಿಗಿಲ್ಲ. ಮರದ ಪುಟ್ಟ ಸುತ್ತಿಗೆಯಿಂದ ಬಡಿದು ನೀರು ಬಿಟ್ಟುಕೊಳ್ಳುತ್ತಾನೆ. ಆ ಜಾಣತನವನ್ನು ನೋಡುವುದೇ ಓದಿನ ಸುಖ.

ನಮ್ಮ ಕಥೆಗೆ ಆ ಚಿಂತೆಯೇ ಇಲ್ಲ. ಇಂಥವು ಹೆಂಗಸರು ಅಡುಗೆಮನೆಯಲ್ಲಿ ಮಕ್ಕಳಿಗೆ ಉಣಿಸುತ್ತ ಹೇಳಿದ ಕಥೆಗಳೆಂದು, ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಗುರುತಿಸಿದ್ದರು. ಅವರು ಕೂಡಿಸಿದ ಕನ್ನಡ ಕಥೆಗಳು ಅವರು ತೀರಿಕೊಂಡ ಮೇಲೆ, 1997ರಲ್ಲಿ, ಇಂಗ್ಲಿಷಿನಲ್ಲಿ ಪುಸ್ತಕವಾದವು. ಹೇಳುವವಳ ಕೈಯಲ್ಲೇ ಕೊಡ, ಬಾಚಣಿಕೆ ಇದ್ದಮೇಲೆ ಗುಬ್ಬಿಯ ಅಳತೆ ಯಾರು ನೋಡಬೇಕು? ಗುಬ್ಬಕ್ಕ ಅವಳೇ.

ಕಾಗೆ ಸೋಮಾರಿ, ಗುಬ್ಬಿ ಕಷ್ಟಜೀವಿ ಎಂದು ನಾವು ಶಿಕ್ಷಕಿಯರು ನೀತಿ ಹೇಳುತ್ತೇವೆ. ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಆದರೆ ಕಾಗೆಯ ತಪ್ಪಿಗೆ ಕಥೆ ಕೊಟ್ಟಿರುವುದು ಒಂದೇ ಮಾತು. ಬಾಗಿಲ ಮುಂದೆ ಕಾಯುವುದಕ್ಕೆ ಅರ್ಧ ಕಥೆ. ಗುಬ್ಬಕ್ಕ ಹೇಳುವ ಕೆಲಸಗಳು ಸುಳ್ಳಲ್ಲ, ಮಕ್ಕಳ ತಾಯಿಗೆ ಅವು ತಪ್ಪಿದ್ದಲ್ಲ. ನಿಜವಾದ ಕೆಲಸವೇ ನೆಪವೂ ಆಗುವುದನ್ನು ಈ ಕಥೆ ಕಂಡಿದೆ. ಅದೇ ಅದರ ದೊಡ್ಡತನ.

ನನಗೆ ಇದು ತಡವಾಗಿ ತಿಳಿಯಿತು. ನನ್ನ ಮಕ್ಕಳು ಸಣ್ಣವರಿದ್ದಾಗ ಒಂದು ವರ್ಷ ಅಕಾಲ ಮಳೆ ಬಿದ್ದು, ತಿಕೋಟಾದಲ್ಲಿ ನನ್ನ ಅಕ್ಕ ಒಣಗಲು ಹಾಕಿದ್ದ ದ್ರಾಕ್ಷಿಯೆಲ್ಲ ಕೆಟ್ಟಿತು. ಅವಳು ನಮ್ಮ ಮನೆಗೆ ಬಂದಳು. ಯಾಕೆ ಬಂದಿದ್ದಾಳೆಂದು ನನಗೆ ಗೊತ್ತಿತ್ತು. ಅವಳನ್ನು ಪಡಸಾಲೆಯಲ್ಲಿ ಕೂರಿಸಿ ಮಗನಿಗೆ ಎರೆದೆ, ಮಗಳ ಹೆರಳು ಹಾಕಿದೆ, ರೊಟ್ಟಿ ಬಡಿದೆ. ಕೊನೆಗೆ ಚಹಾ ಕುಡಿದು ಎದ್ದವಳು, "ಬರ್ತೀನವಾ, ನಿನಗೂ ಕೆಲಸ ಭಾಳ ಅದಾವ" ಎಂದಳು. ಹಣದ ಮಾತು ಎತ್ತಲೇ ಇಲ್ಲ. ನಾನೂ ಕೇಳಲಿಲ್ಲ.

ಮರುದಿನ ಆ ಹುಡುಗನನ್ನು ಕರೆದು ಉತ್ತರ ಹೇಳಿದೆ: "ಕೊಡ ಎತ್ತೂದು ಗುಬ್ಬಿಗೆ ಸಲೀಸಪಾ. ಅಗಳಿ ತೆಗಿಯೂದ ವಜ್ಜಿ."