ಭಜ್ಜಿಗೆ ಸಿಕ್ಕ ಹೆಸರು, ಬದುವಿಗೆ ಸಿಗದ ಕಣ್ಣು

ಎಳ್ಳಮವಾಸ್ಯೆಯ ಭಜ್ಜಿಗೆ ಅದರ ಯೋಗ್ಯತೆ ಮೀರಿ ಹೆಸರು ಬಂದಿದೆ. ಹೀಗೆಂದರೆ ಸೇಡಂ, ಚಿತ್ತಾಪುರದ ಗೆಳೆಯರು ಮುಂದಿನ ವರ್ಷ ಹೊಲಕ್ಕೆ ಕರೆಯಲಿಕ್ಕಿಲ್ಲ. ಆದರೂ ಹೇಳಬೇಕು. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತೆ, ಹುಣಸೆ ಹುಳಿ ಕೂಡಿ ಕುದಿದ ಆ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ ರುಚಿಯಾಗಿರುತ್ತವೆ ಎಂಬುದರಲ್ಲಿ ತಕರಾರಿಲ್ಲ. ಅಂದು ಕಲಬುರಗಿ, ಬೀದರಿನ ಬಜಾರು ಬಂದ್ ಆದಂತೆ ಬಿಕೋ ಎನ್ನುವುದು, ಗಡಿಯಾಚೆ ಲಾತೂರಿನಲ್ಲೂ ಮಂದಿ ಹೊಲಕ್ಕೆ ಹೋಗುವುದು ಗೊತ್ತಿದ್ದ ಮಾತೇ. ನನ್ನ ತಂಟೆ ಬೇರೆ. ಗೆಳೆಯರ ಹೊಲ ನೋಡಲು ವರ್ಷಕ್ಕೊಮ್ಮೆ ಸಿಗುವ ಈ ದಿನವನ್ನು ಗೆಳೆಯರ ಹೊಲದಲ್ಲಿ ಉಂಡು ಬರುವ ದಿನ ಮಾಡಿಕೊಂಡಿದ್ದೇವೆ, ಅದನ್ನೇ ಹಾಡಿ ಹೊಗಳುತ್ತಿದ್ದೇವೆ.

ಹೊಗಳುವವರಲ್ಲಿ ಎರಡು ಪಂಗಡ. ಒಂದು ಪಂಗಡದ್ದು 'ಭೂತಾಯಿಗೆ ಸೀಮಂತ' ಎಂಬ ಒಂದೇ ಪಲ್ಲವಿ. ಇವರು ಹೊಲದೊಳಗೆ ಕಾಲಿಟ್ಟಿದ್ದಾರೆಯೇ ಎಂಬ ಅನುಮಾನ ನನಗೆ. ಎರಿ ಮಣ್ಣಿನ ಹಿಂಗಾರಿ ಜೋಳಕ್ಕೆ ಆ ಮಾತು ಒಪ್ಪಬಹುದು, ತೆನೆ ಹೊರಬರುವ ಹೊತ್ತದು. ಆದರೆ ಮಾರ್ಗಶಿರ ಕಳೆಯುವಷ್ಟರಲ್ಲಿ ತೊಗರಿಯ ಕಾಯಿ ಬಲಿತು ಒಣಗಲು ಹತ್ತಿರುತ್ತದೆ, ಕೆಲವು ಹೊಲಗಳಲ್ಲಿ ಕೊಯ್ದು ಗೂಡು ಹಾಕಿದ್ದೂ ಆಗಿರುತ್ತದೆ. ಹಡೆದವಳಿಗೆ ಯಾವ ಸೀಮಂತ? ಬಸುರಿಯ ಬಯಕೆಯ ಮಾತೇ ಬೇಕೆಂದರೆ ಸೀಗೆ ಹುಣ್ಣಿಮೆ ಇದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯ ನಾಡಿನಲ್ಲಿ, ತೊಗರಿಗೆ ಹೊಂದದ ಉಪಮೆಯನ್ನು ಹಬ್ಬದ ತಾತ್ಪರ್ಯವೆಂದು ವರ್ಷ ವರ್ಷ ಅಚ್ಚು ಹಾಕುತ್ತಾರೆ. ಎರಡನೆಯ ಪಂಗಡದವರು ಬಂಡಿ ಹೋಗಿ ಟ್ರ್ಯಾಕ್ಟರ್ ಬಂತು, ಡಿಜೆ ಬಂತು ಎಂದು ಅಳುವವರು. ಟ್ರ್ಯಾಕ್ಟರಿನಲ್ಲಿ ಬಂದರೇನು, ಮೋಟರ್ ಸೈಕಲ್ ಮೇಲೆ ಬಂದರೇನು? ಬಂದವನು ಇಳಿದ ಮೇಲೆ ಏನು ಮಾಡಿದ ಎಂಬುದನ್ನು ಇವರೂ ಕೇಳುವುದಿಲ್ಲ.

ಕೇಳಬೇಕಾದ್ದು ಚರಗದ ಬಗ್ಗೆ. ಪೂಜೆಯಾದ ಮೇಲೆ ಒಬ್ಬ ಎಡೆಯ ಅನ್ನ, ಕಡುಬು, ಭಜ್ಜಿ ಕಲಸಿದ್ದನ್ನು ಬೆಳೆಯ ಮೇಲೆ ಚೆಲ್ಲುತ್ತ ಮುಂದೆ ಹೋಗುತ್ತಾನೆ. ಇನ್ನೊಬ್ಬ ಚೊಂಬಿನ ನೀರು ಚಿಮುಕಿಸುತ್ತ ಅವನ ಹಿಂದೆ. ಕೂಗು ಹಾಕುತ್ತ ಹೊಲ ಸುತ್ತುವ ಈ ಹತ್ತಿಪ್ಪತ್ತು ನಿಮಿಷವೇ ನನ್ನ ಮಟ್ಟಿಗೆ ಇಡೀ ಹಬ್ಬ. ಯಾಕೆಂದರೆ ಬದುವಿನ ಗುಂಟ ನಾಲ್ಕೂ ಮೂಲೆ ಮುಟ್ಟಿ ಬರಬೇಕು. ಬಿತ್ತುವಾಗ, ಎಡೆ ಹೊಡೆಯುವಾಗ ಸಾಲು ಹಿಡಿದು ಹೋದವನಿಗೆ ಕಣ್ಣೆದುರಿನ ಸಾಲಷ್ಟೇ ಗೊತ್ತು. ಅಂಚಿನ ಮೇಲೆ ನಡೆದವನಿಗೆ ಹೊಲ ಪೂರಾ ಕಾಣುತ್ತದೆ, ಪಕ್ಕದವನ ಹೊಲವೂ ಕಾಣುತ್ತದೆ.

ಸೇಡಂ ಕಡೆಯ ಒಂದು ಹೊಲದಲ್ಲಿ ಹೀಗೆ ಸುತ್ತುವಾಗ ನಡುವೆ ಒಣಗಿ ನಿಂತ ತೊಗರಿ ಕಂಡು ಪ್ಯಾಟಿಯಿಂದ ಬಂದ ಹುಡುಗನೊಬ್ಬ, 'ಕಾಕಾ, ಇಷ್ಟ ಯಾಕ ಒಣಗ್ಯಾವ?' ಎಂದ. ಚೊಂಬು ಹಿಡಿದಿದ್ದ ಹಿರಿಯ ಬಾಯಲ್ಲಿ ಉತ್ತರ ಕೊಡಲಿಲ್ಲ. ಗಿಡ ಒಂದನ್ನು ಕಿತ್ತು, ಬುಡದ ತೊಗಟೆಯನ್ನು ಉಗುರಿನಿಂದ ಸುಲಿದು ತೋರಿಸಿದ. ಒಳಗೆ ಕಂದುಗಪ್ಪು ಗೆರೆ, ಬುಡದಿಂದ ಮೇಲಕ್ಕೆ ಹತ್ತಿತ್ತು. 'ನೆಟಿ ಬಿದ್ದದ. ಹೋದ ವರ್ಷನೂ ಇಲ್ಲಿ ತೊಗರಿನೇ. ಅಕಾ ಅಲ್ಲಿ ನೋಡು, ಅವರು ಜೋಳ ಹಾಕಿದ್ರು.' ಬದುವಿನಾಚೆ ತೊಗರಿ ಹಸಿರಾಗಿ ನಿಂತಿತ್ತು. ನೆಟೆ ರೋಗದ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಕೂತಿರುತ್ತದೆ; ತೊಗರಿಯ ಮೇಲೆ ತೊಗರಿ ಬಿತ್ತಿದರೆ ಬಲಿಯುತ್ತದೆ, ನಡುವೆ ಜೋಳ ಬಂದರೆ ಅದರ ಜೋರು ತಗ್ಗುತ್ತದೆ. 2022ರ ಹಂಗಾಮಿನಲ್ಲಿ ಇದೇ ನೆಟೆ ಕಲಬುರಗಿ ಜಿಲ್ಲೆಯ ತೊಗರಿಯನ್ನು ಹೊಲಗಟ್ಟಲೆ ಒಣಗಿಸಿ, ಪರಿಹಾರದ ಕೂಗು ವಿಧಾನಸಭೆಯವರೆಗೆ ಹೋಗಿತ್ತು. ಕರಪತ್ರದಲ್ಲಿ ಅಚ್ಚಾಗುವ ತಿಳಿವಳಿಕೆ ಅಲ್ಲಿ ಎರಡು ಹೊಲದ ನಡುವಿನ ಬದುವಿನ ಮೇಲೆ ನಿಂತವನ ಕಣ್ಣಿಗೆ ಬಿತ್ತು. ಆ ಹೊತ್ತಿಗೆ ಉಳಿದ ಅತಿಥಿಗಳು ಬೇವಿನ ನೆರಳಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ನೋಡುವುದನ್ನೇ ಮುಖ್ಯ ಮಾಡಿಕೊಂಡವರೂ ಇದ್ದಾರೆ. ಇಂಗ್ಲೆಂಡಿನಲ್ಲಿ 1927ರಲ್ಲಿ ತಲೆಗೊಂದು ಶಿಲ್ಲಿಂಗ್ ಪಡೆದು ಖಾಸಗಿ ತೋಟಗಳನ್ನು ಸಾರ್ವಜನಿಕರಿಗೆ ತೆರೆಯುವ ಪದ್ಧತಿ ಶುರುವಾಯಿತು. ಮೊದಲ ವರ್ಷವೇ 609 ತೋಟ. ಬಂದ ದುಡ್ಡು ಮನೆಮನೆಗೆ ಹೋಗುವ ದಾದಿಯರಿಗೆ. ಚಹಾ, ಕೇಕು ಅಲ್ಲೂ ಇದೆ. ಆದರೆ ಟಿಕೆಟ್ ಇರುವುದು ತೋಟಕ್ಕೆ. ನಮ್ಮಲ್ಲಿ ಟಿಕೆಟ್ ಇಲ್ಲ, ಜಾತಿ ಧರ್ಮ ನೋಡದೆ ಕರೆಯುವ ದೊಡ್ಡಗುಣವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ದಿನ ಮೂರು ಹೊಲದ ಊಟಕ್ಕೆ ಹೋಗಿ ಬಂದವನಿಗೆ ಆ ಮೂರರಲ್ಲಿ ಏನೇನು ಬೆಳೆ ಇತ್ತೆಂದು ಕೇಳಿ ನೋಡಿ. ಯಾರ ಮನೆಯ ಹೋಳಿಗೆಗೆ ತುಪ್ಪ ಕಮ್ಮಿ ಬಿದ್ದಿತ್ತು ಎಂಬುದನ್ನು ಮಾತ್ರ ತಪ್ಪದೆ ಹೇಳುತ್ತಾನೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ಒಲೆ ಮುಂದೆ ಕೂತ ಹೆಂಗಸರಿಗೂ ಇದು ಮೆಚ್ಚುಗೆಯಲ್ಲ. ಕಳೆ ತೆಗೆದು, ಕಾಯಿ ಬಿಡಿಸಿ, ಯಾವ ಸಾಲಿನಲ್ಲಿ ಏನು ಕೆಟ್ಟಿದೆ ಎಂದು ಬಲ್ಲವರು ಅವರೇ. ಅಂದು ಅವರನ್ನು ಬಡಿಸಲು ನಿಲ್ಲಿಸಿ ಗಂಡಸರು ಹೊಲದ ಬಗ್ಗೆ ಮಾತಾಡುತ್ತಾರೆ.

ಈ ಹಬ್ಬದ ಫೋಟೊಗಳೆಲ್ಲ ಎರಿ ಸೀಮೆಯವು. ಚಿಂಚೋಳಿ ಕಡೆಯ ಕುಂಚಾವರಂ ದಿಕ್ಕಿಗೆ ಹತ್ತಿದರೆ ಮಣ್ಣು ಕೆಂಪಾಗಿ ಕಲ್ಲು ಹೆಚ್ಚುತ್ತದೆ, ಮಾತಿನಲ್ಲಿ ತೆಲುಗು ಬೆರೆಯುತ್ತದೆ, ತಾಂಡಾಗಳು ಎದುರಾಗುತ್ತವೆ. ಮಸಾರಿ ಮಣ್ಣು ಎರಿಯಷ್ಟು ತೇವ ಹಿಡಿಯುವುದಿಲ್ಲ. ಸೊಂಟದೆತ್ತರ ಜೋಳದ ನಡುವೆ ನಿಂತ ಫೋಟೊ ಇಲ್ಲಿ ಸುಲಭಕ್ಕೆ ಸಿಗದು. ಸುದ್ದಿಯವರು ಇತ್ತ ಬರದಿರಲು ಅದೂ ಒಂದು ಕಾರಣವಿರಬೇಕು. ಆದರೆ ಬದುವಿನ ನಡಿಗೆಗೆ ಇಲ್ಲಿರುವಷ್ಟು ಅರ್ಥ ಸೇಡಂನಲ್ಲೂ ಇಲ್ಲ. ಇಲ್ಲಿ ಎಷ್ಟೋ ಹೊಲದ ಒಂದು ಮಗ್ಗುಲು ಕಾಡು. 2011ರಲ್ಲಿ ವನ್ಯಧಾಮವಾದ ಚಿಂಚೋಳಿ ಅರಣ್ಯ, 134.88 ಚದರ ಕಿಲೋಮೀಟರ್, ಇದೇ ಸುತ್ತಿನದು. ಆ ಅಂಚಿನಲ್ಲಿ ನಡೆದರೆ ಕಾಡುಹಂದಿ ನುಗ್ಗಿದ ದಾರಿ, ಬೇಲಿ ಸಡಿಲಾದ ಜಾಗ, ಮಣ್ಣು ಕೊಚ್ಚಿಹೋಗಿ ಕಲ್ಲೆದ್ದ ಮೂಲೆ ಒಂದೊಂದಾಗಿ ಕಾಣುತ್ತವೆ. ಚೆಲ್ಲಿದ ಚರಗ ಹಕ್ಕಿಗೂ ಸಿಗುತ್ತದೆ, ಹಂದಿಗೂ ಸಿಗುತ್ತದೆ. ಬೆಳೆ ತಿಂದು ಹೋದವರಿಗೇ ಎಡೆ ಹಾಕುವ ಈ ವ್ಯವಹಾರದ ಬಿಗಿ ಸೀಮಂತದ ಪಲ್ಲವಿಯವರಿಗೆ ಯಾಕೆ ಕಾಣಲಿಲ್ಲವೋ.

ಹಳಬರ ಕ್ರಮದಲ್ಲಿ ದೋಷವಿಲ್ಲ. ಪೂಜೆ, ಚರಗ, ಆಮೇಲೆ ಊಟ. ಸುತ್ತಿ ಬಂದವನಿಗೇ ಎಲೆ. ಆ ಕ್ರಮ ಇವತ್ತೂ ಮುರಿದಿಲ್ಲ. ಅತಿಥಿಗಳು ಮಾತ್ರ ಲೆಕ್ಕ ಹಾಕಿ ಮಧ್ಯಾಹ್ನ ಒಂದರ ಮೇಲೆ ಬರುತ್ತಾರೆ.