ಕಿಲೋ ಲೆಕ್ಕ, ಡಾಲರ್ ಲೆಕ್ಕ, ಒಂದು ಕ್ಯಾಸೆಟ್

ಪುಣೆಯ ಮಂಗಳವಾರ ಪೇಠೆಯಲ್ಲಿ ಜುನಾ ಬಜಾರ್ ನೆರೆಯುವುದು ವಾರಕ್ಕೆರಡು ದಿನ, ಬುಧವಾರ ಮತ್ತು ಭಾನುವಾರ. ತುಕ್ಕು ಹಿಡಿದ ಪಾನಾ, ಹಿತ್ತಾಳೆ ಸಾಮಾನು, ಹಳೇ ನಾಣ್ಯ, ಬಿಚ್ಚಿಟ್ಟ ರೇಡಿಯೊಗಳ ನಡುವೆ ಕಪ್ಪು ಕೀಬೋರ್ಡೊಂದು ಕಣ್ಣಿಗೆ ಬಿದ್ದರೆ ಬಲ್ಲವರು ಮೊದಲು ಅದನ್ನು ತಿರುಗಿಸಿ ಬೆನ್ನು ನೋಡುತ್ತಾರೆ. ಅಲ್ಲಿ ಟಿವಿಗೊಂದು, ಟೇಪ್ ರೆಕಾರ್ಡರಿಗೆ ಎರಡು ತೂತುಗಳಿದ್ದರೆ ಅದು ಕೀಬೋರ್ಡಲ್ಲ, ಇಡೀ ಕಂಪ್ಯೂಟರು. ಮಾರುವವನ ತಲೆಯಲ್ಲಿ ಓಡುವುದು ಭಂಗಾರದ, ಅಂದರೆ ಗುಜರಿಯ, ದರ: ಪ್ಲಾಸ್ಟಿಕ್ಕಿಗೆ ಇಷ್ಟು, ಸರ್ಕ್ಯೂಟ್ ಬೋರ್ಡಿಗೆ ಕಿಲೋಗೆ ಇಷ್ಟು. ಕೊಳ್ಳುವವನ ಫೋನಿನಲ್ಲಿ ಇರುವುದು ಇಬೇಯ ಹರಾಜಿನ ಬೆಲೆ. ಚೌಕಾಸಿ ನಡೆಯುವುದು ಈ ಎರಡರ ನಡುವೆ. ಎರಡೂ ಲೆಕ್ಕ ಒಂದು ಮುಖ್ಯ ವಸ್ತುವನ್ನು ಬಿಟ್ಟೇ ನಡೆಯುತ್ತವೆ ಎಂಬುದು ಇಲ್ಲಿನ ತಕರಾರು.

ಯಂತ್ರದ ಕುಲಗೋತ್ರ ಮೊದಲು ನೋಡೋಣ. ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಬ್ರಿಟನ್ನಿನಲ್ಲಿ ಹೊರಬಂದದ್ದು 1982ರ ಏಪ್ರಿಲ್‌ನಲ್ಲಿ. 16ಕೆ ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175. ರಬ್ಬರ್ ಕೀಲಿಗಳ ಆ ಪುಟ್ಟ ಪೆಟ್ಟಿಗೆಗೆ 1984ರಲ್ಲಿ ಗಟ್ಟಿ ಪ್ಲಾಸ್ಟಿಕ್ ಕೀಲಿಗಳ ಹೊಸ ಕವಚ ಬಂತು, ಹೆಸರು ಸ್ಪೆಕ್ಟ್ರಮ್ ಪ್ಲಸ್ ಆಯಿತು. ಒಳಗಿನ ಬೋರ್ಡು ಬಹುಪಾಲು ಅದೇ. 1986ರಲ್ಲಿ ಆಮ್‌ಸ್ಟ್ರಾಡ್ ಕಂಪನಿ ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 50 ಲಕ್ಷ ಪೌಂಡಿಗೆ ಕೊಂಡುಕೊಂಡಿತು. ಇತ್ತ ಭಾರತದಲ್ಲಿ 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ಕಟ್ಟುಗಳನ್ನು ಒಂದಿಷ್ಟು ಸಡಿಲಿಸಿತ್ತು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂಬ ಭಾರತೀಯ ಆವೃತ್ತಿಯನ್ನು ತಂದಿತು. ಬ್ರಿಟನ್ನಿನ ಹುಡುಗರು ಆ ಹೊತ್ತಿಗೆ 128ಕೆ ಯಂತ್ರಗಳಿಗೆ ದಾಟಿಯಾಗಿತ್ತು. ಇಲ್ಲಿ ಮಾತ್ರ ಅದೇ 48ಕೆ ಪೆಟ್ಟಿಗೆ ಎಷ್ಟೋ ಮನೆಗಳ ಮೊದಲ ಕಂಪ್ಯೂಟರಾಯಿತು.

ಸಂಗ್ರಹದ ಹವ್ಯಾಸ ವಿಚಿತ್ರವಾಗುವುದು ಇಲ್ಲಿಂದ. ಜಾಗತಿಕ ಮಾರುಕಟ್ಟೆಯ ಮಾಪನದಲ್ಲಿ ಮೇಲ್ಪಂಕ್ತಿ ರಬ್ಬರ್ ಕೀಲಿಯ ಬ್ರಿಟಿಷ್ ಯಂತ್ರಕ್ಕೆ, ಅದೂ ಥರ್ಮೋಕೋಲ್ ಸಮೇತ ಮೂಲ ಡಬ್ಬ ಇದ್ದರೆ. ಆ ಮಾಪನವನ್ನೇ ಕಣ್ಣುಮುಚ್ಚಿ ಒಪ್ಪಿಕೊಂಡವರು ಅಂಚೆ ಖರ್ಚು, ಕಸ್ಟಮ್ಸ್ ಸುಂಕ ತೆತ್ತು ಲಂಡನ್ನಿನಿಂದ ಯಂತ್ರ ತರಿಸುತ್ತಾರೆ. ಊರಿನಲ್ಲೇ ಸಿಕ್ಕ ಭಾರತೀಯ ಪ್ಲಸ್ ಬಿಡಿಭಾಗಗಳಿಗಾಗಿ ಬಿಚ್ಚಿಕೊಳ್ಳುತ್ತದೆ. ಅಪರೂಪವೇ ಬೆಲೆಯ ಮೂಲ ಎನ್ನುವುದಾದರೂ ಈ ಆಯ್ಕೆ ತಲೆಕೆಳಗು. ಆಪಲ್-1ರ ವಿಷಯ ಬೇರೆ: 1976ರಲ್ಲಿ 666.66 ಡಾಲರಿಗೆ ಮಾರಿದ ಆ ಬೋರ್ಡು ತಯಾರಾದದ್ದೇ ಸುಮಾರು 200. ಅದರಲ್ಲೊಂದು 2014ರಲ್ಲಿ ಬಾನಮ್ಸ್ ಹರಾಜಿನಲ್ಲಿ 9,05,000 ಡಾಲರಿಗೆ ಹೋಯಿತು. ಸ್ಪೆಕ್ಟ್ರಮ್ ಕುಟುಂಬದ ಯಂತ್ರಗಳು ಜಗತ್ತಿನಲ್ಲಿ ಮಾರಾಟವಾದದ್ದು ಸುಮಾರು 50 ಲಕ್ಷ. ಅದನ್ನು ಅಪರೂಪ ಎಂದು ಮಾರುವವನ ಮಾತಿಗೆ ನಕ್ಕು ಮುಂದೆ ಹೋಗಬೇಕು. ‘ಪರೀಕ್ಷಿಸಿಲ್ಲ, ಇದ್ದ ಹಾಗೇ ಮಾರಾಟಕ್ಕಿದೆ’ ಎಂಬ ಸಾಲನ್ನಂತೂ ‘ಪರೀಕ್ಷಿಸಿದೆ, ನಡೆಯಲಿಲ್ಲ’ ಎಂದು ಓದಿಕೊಂಡರೆ ಜೇಬು ಉಳಿಯುತ್ತದೆ.

ರಿಪೇರಿಗೆ ಬಂದರೆ ಈ ಹವ್ಯಾಸದ ಮೇಲೆ ನಿಜವಾದ ಗೌರವ ಹುಟ್ಟುತ್ತದೆ. ಬಹಳ ಯಂತ್ರಗಳು ಸಾಯುವುದು ಮುಪ್ಪಿನಿಂದಲ್ಲ, ಅವಸರದಿಂದ. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್. ಆದರೆ ಅದರ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ. ಇಂದು ಅಂಗಡಿಯಲ್ಲಿ ಸಿಗುವ ಬಹುತೇಕ ಅಡಾಪ್ಟರುಗಳದ್ದು ಇದರ ಉಲ್ಟಾ. ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಅಡಾಪ್ಟರ್ ಕೊಂಡು, ನೋಡೇಬಿಡೋಣ ಎಂದು ಚುಚ್ಚಿದರೆ ಮೂವತ್ತೈದು ವರ್ಷ ಬದುಕಿದ ಬೋರ್ಡು ಒಂದು ಕ್ಷಣದಲ್ಲಿ ಸುಟ್ಟುಹೋಗಬಹುದು. ಒಳಗಿನ ಕೆಳ 16ಕೆ ಮೆಮೊರಿಯ 4116 ಚಿಪ್ಪುಗಳು ಮೂರು ವೋಲ್ಟೇಜ್ ಬೇಡುತ್ತವೆ: 12, 5 ಮತ್ತು ಮೈನಸ್ 5. 12 ಮತ್ತು ಮೈನಸ್ 5ನ್ನು ಹೊಂದಿಸಿಕೊಡುವ ಸಣ್ಣ ಕಾಯಿಲ್, ಟ್ರಾನ್ಸಿಸ್ಟರಿನ ಜೋಡಿ ಕೆಟ್ಟು ಮೈನಸ್ 5 ನಿಂತರೆ ಚಿಪ್ಪುಗಳು ಒಂದೊಂದಾಗಿ ಹೋಗುತ್ತವೆ, ಪರದೆಯ ತುಂಬ ಬಣ್ಣದ ಚೌಕುಳಿ ಕಾಣುತ್ತದೆ. ಮೇಲಿನ 32ಕೆ ಕಥೆ ಇನ್ನೂ ಸ್ವಾರಸ್ಯ. ಅರ್ಧ ಕೆಟ್ಟ 64 ಕಿಲೋಬಿಟ್ ಚಿಪ್ಪುಗಳನ್ನು ಅಗ್ಗಕ್ಕೆ ಕೊಂಡು, ಸರಿಯಿರುವ ಅರ್ಧವನ್ನು ಮಾತ್ರ ಬಳಸುವಂತೆ ಸಿಂಕ್ಲೇರ್ ಬೋರ್ಡಿನಲ್ಲೊಂದು ಕೊಂಡಿ ಹಾಕಿತ್ತು. ಜಿಪುಣತನವನ್ನು ಇಷ್ಟು ಚೆಂದದ ಎಂಜಿನಿಯರಿಂಗ್ ಮಾಡಿದವರು ಕಡಿಮೆ.

ಹೀಗಾಗಿ ಒಳ್ಳೆಯ ರಿಪೇರಿಗಾರನ ಮೊದಲ ಉಪಕರಣ ಬೆಸುಗೆ ಕಡ್ಡಿಯಲ್ಲ, ಮಲ್ಟಿಮೀಟರ್. ಕೆಪಾಸಿಟರ್‌ಗಳನ್ನೆಲ್ಲ ಒಟ್ಟಿಗೆ ಕಿತ್ತು ಹೊಸವನ್ನು ಕೂರಿಸುವ ಚಟ ಈಗ ಹಬ್ಬಿದೆ. ಅಳೆಯದೆ ಹೀಗೆ ಮಾಡುವುದು ವ್ಯರ್ಥ, ಎಷ್ಟೋ ಸಲ ಅಪಾಯ. ಹೆಚ್ಚು ಕಾದ ಕಡ್ಡಿಗೆ ಹಳೆಯ ಬೋರ್ಡಿನ ತಾಮ್ರದ ಗೆರೆಗಳು ಎದ್ದುಬರುತ್ತವೆ. ಕೆಲವೆಡೆ ಮಾತ್ರ ತಡಮಾಡಬಾರದು. ಅದೇ ಕಾಲದ ಇನ್ನೊಂದು ಕಂಪ್ಯೂಟರ್ ಆಮಿಗಾ 500ರ ಮೆಮೊರಿ ಕಾರ್ಡಿನಲ್ಲಿರುವ ಬ್ಯಾಟರಿ ಸೋರಿ ಬೋರ್ಡನ್ನೇ ತಿನ್ನುತ್ತದೆ, ಸಿಕ್ಕ ದಿನವೇ ಕತ್ತರಿಸಿ ತೆಗೆಯಬೇಕು. ಕಮೊಡೋರ್ 64ರ ಹಳೆಯ ಪವರ್ ಸಪ್ಲೈ ಕೆಡುವಾಗ 5 ವೋಲ್ಟಿನ ಗೆರೆ ಮೇಲೇರಿ ಚಿಪ್ಪುಗಳನ್ನು ಕೊಲ್ಲುತ್ತದೆ, ಅದನ್ನು ಗೋಡೆಗೆ ಸಿಕ್ಕಿಸುವುದೇ ಬೇಡ. ಸ್ಪೆಕ್ಟ್ರಮ್‌ನ ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆ ಕಾಲಕ್ಕೆ ಗಡುಸಾಗಿ ಬಿರಿಯುತ್ತದೆ. ಅದನ್ನು ಹೊಸದಾಗಿ ತಯಾರಿಸುವವರಿದ್ದಾರೆ, ಬದಲಿಸಿದರೆ ತಪ್ಪಿಲ್ಲ. ಫೆರಾಂಟಿ ಕಂಪನಿಯ ಯುಎಲ್ಎ ಚಿಪ್ ಕೆಟ್ಟರೆ ಮಾತ್ರ ಕಷ್ಟ: ಇನ್ನೊಂದು ಯಂತ್ರದಿಂದ ಕೀಳಬೇಕು, ಇಲ್ಲವೇ ಹವ್ಯಾಸಿಗಳು ರೂಪಿಸಿದ ಬದಲಿಯನ್ನು ಹುಡುಕಬೇಕು.

ಹಳದಿಗಟ್ಟಿದ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬಿಳುಪೇರಿಸುವುದು ಈ ಹವ್ಯಾಸದ ಸೌಂದರ್ಯವರ್ಧನೆ. ಪುಣೆಯ ಏಪ್ರಿಲ್ ಬಿಸಿಲು ಅದಕ್ಕೆ ಧಾರಾಳ. ಆದರೆ ಹಳದಿ ಮರಳಿ ಬರುವುದುಂಟು, ಬಳಿದದ್ದು ಏರುಪೇರಾದರೆ ಮಚ್ಚೆ ಉಳಿಯುವುದುಂಟು. ಫೋಟೊಗಾಗಿ ಮಾಡುವ ಕೆಲಸ ಅಷ್ಟೇ.

ಇನ್ನು ಲೆಕ್ಕಕ್ಕೆ ಬಾರದೆ ಉಳಿದ ವಸ್ತು. ಸ್ಪೆಕ್ಟ್ರಮ್‌ಗೆ ಡಿಸ್ಕ್ ಇರಲಿಲ್ಲ, ಪ್ರೋಗ್ರಾಮುಗಳು ಇದ್ದದ್ದು ಮಾಮೂಲಿ ಆಡಿಯೊ ಕ್ಯಾಸೆಟ್ಟಿನಲ್ಲಿ. ಟೇಪ್ ಓಡುತ್ತಿದ್ದಂತೆ ಪರದೆಯ ಅಂಚಿನಲ್ಲಿ ಮೊದಲು ಕೆಂಪು-ತಿಳಿನೀಲಿ ಪಟ್ಟೆ, ಆಮೇಲೆ ನೀಲಿ-ಹಳದಿ ಪಟ್ಟೆ. 48ಕೆ ಆಟವೊಂದು ಒಳಬರಲು ಸುಮಾರು ಐದು ನಿಮಿಷ. ಯಂತ್ರದ ಜೊತೆ ಗೋಣಿಚೀಲದಲ್ಲಿ ಬರುವ ಕ್ಯಾಸೆಟ್ಟುಗಳಲ್ಲಿ ಒಂದೆರಡರ ಮೇಲೆ ಬಾಲ್‌ಪೆನ್ನಿನ ಬರಹ ಇರಬಹುದು: ಯಾವುದೋ ಹುಡುಗಿ ಬೇಸಿಕ್ ಭಾಷೆಯಲ್ಲಿ ಬರೆದ ಲೆಕ್ಕದ ಆಟ, ಯಾರದೋ ಅಂಗಡಿಯ ಬಾಕಿ ಪಟ್ಟಿ. ಮಾರುಕಟ್ಟೆಗೆ ಇದು ‘ಬಳಸಿದ ಟೇಪ್’, ಬೆಲೆ ಸೊನ್ನೆ. ಸಂಗ್ರಾಹಕನ ಕಪಾಟಿಗೆ ಅಚ್ಚಾದ ಹೊದಿಕೆಯ ಬ್ರಿಟಿಷ್ ಆಟ ಏರುತ್ತದೆ, ಇದು ಏರುವುದಿಲ್ಲ. ಆದರೆ ಆ ಬ್ರಿಟಿಷ್ ಆಟದ ಪ್ರತಿ ಜಗತ್ತಿನ ಎಷ್ಟೋ ಕಡೆ ಉಳಿದಿದೆ. ಬಾಲ್‌ಪೆನ್ನಿನ ಕ್ಯಾಸೆಟ್ಟಿಗೆ ಎರಡನೇ ಪ್ರತಿ ಇಲ್ಲ. ಪುಣೆಯ ಮಳೆಗಾಲದ ತೇವಕ್ಕೆ ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕೂರುತ್ತದೆ, ಹಾಗಾದ ಟೇಪನ್ನು ಒರೆಸದೆ ಓಡಿಸಿದರೆ ರೆಕಾರ್ಡರಿನ ಹೆಡ್ಡೂ ಹಾಳು.

ವಸ್ತುವಿನ ಬೆಲೆಯನ್ನು ಬೇರೆ ರೀತಿ ಕಟ್ಟಬಹುದೆಂದು ತೋರಿಸಿದವರು ಇದೇ ಊರಿನಲ್ಲಿದ್ದರು. ದಿನಕರ ಗಂಗಾಧರ ಕೇಳ್ಕರ್ 1920ರ ದಶಕದಿಂದ ಕೂಡಿಡುತ್ತ ಬಂದದ್ದು ಅಡಕತ್ತರಿ, ದೀಪ, ಬೀಗ, ಮಸಿಕುಡಿಕೆಯಂಥ ದಿನಬಳಕೆಯ ಸಾಮಾನು. 1975ರಲ್ಲಿ ಅದನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಿದರು. ತೀರಿಹೋದ ಮಗನ ಹೆಸರಿನ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯ ಈಗಲೂ ಅಲ್ಲಿದೆ. ಆ ಅಡಕತ್ತರಿಗಳನ್ನು ನೋಡುವವರು ಹೊಳಪು ಅಳೆಯುವುದಿಲ್ಲ, ಯಾರ ಕೈ ಹೇಗೆ ಹಿಡಿಯಿತು ಎಂದು ಊಹಿಸುತ್ತಾರೆ. ಹಳೇ ಕಂಪ್ಯೂಟರಿಗೂ ಆ ನೋಟ ಸಲ್ಲುತ್ತದೆ. ಮೆಕ್ಯಾನಿಕ್ ಹಾಕಿದ ಒರಟು ಬೆಸುಗೆ, ಪೇಪರ್ ಅಂಟಿಸಿ ಬರೆದ ಹೆಸರು, ಸ್ಥಳೀಯವಾಗಿ ಸುತ್ತಿಸಿಕೊಂಡ ಟ್ರಾನ್ಸ್‌ಫಾರ್ಮರ್ ಬ್ರಿಟಿಷ್ ಮಾಪನದಲ್ಲಿ ಕಳಂಕ. ಇಲ್ಲಿನ ಮಟ್ಟಿಗೆ ಅವೇ ದಾಖಲೆ.

ಬರೀ ಆಟ ಬೇಕೆಂದರೆ ಹಳೆಯ ಯಂತ್ರದ ಗೊಡವೆಯೇ ಬೇಡ. ಎಮ್ಯುಲೇಟರ್‌ಗಳು ಪುಕ್ಕಟೆ ಸಿಗುತ್ತವೆ. 2024ರ ನವೆಂಬರಿನಲ್ಲಿ ರಬ್ಬರ್ ಕೀಲಿ ಸಮೇತ ಹೊಸ ನಕಲು ಯಂತ್ರವೇ ಮಾರಾಟಕ್ಕೆ ಬಂದಿದೆ. ಅಸಲನ್ನು ಕೊಳ್ಳುವವರು ಬೇರೇನನ್ನೋ ಕೊಳ್ಳುತ್ತಿದ್ದಾರೆ ಎಂದಾಯಿತು. ಹಾಗಾದರೆ ಕೆಲಸದ ಕ್ರಮವೂ ಬದಲಾಗಬೇಕು: ಬೋರ್ಡು ಬಿಚ್ಚುವ ಮೊದಲು ಟೇಪುಗಳನ್ನು ಒಳ್ಳೆಯ ಡೆಕ್ಕಿನಲ್ಲಿ ಓಡಿಸಿ, ಹೆಡ್ಡಿನ ಓರೆಯನ್ನು ಸ್ಕ್ರೂ ತಿರುಗಿಸಿ ಹೊಂದಿಸಿ, ಧ್ವನಿಯನ್ನು ಸಂಕುಚಿತಗೊಳಿಸದ ಫೈಲಾಗಿ ಉಳಿಸಬೇಕು. ಮಾರುವವನನ್ನು ಬೆಲೆ ಕೇಳುವ ಹೊತ್ತಿಗೆ ಯಾವ ಪೇಠೆಯ ಮನೆಯಿಂದ ಬಂತೆಂದೂ ಕೇಳಿ ಬರೆದಿಡಬೇಕು.

ಮುಂದಿನ ಸರದಿ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಕಂಪನಿಯ ಎಂಜಿನಿಯರುಗಳೂ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರು 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ರೂಪದಲ್ಲಿ ಅಂಗಡಿಗೆ ಬಂತು, ಹೆಚ್ಚು ಮಾರಾಟವಾಗಲಿಲ್ಲ. ಅಂದರೆ ಸಂಖ್ಯೆಯ ಲೆಕ್ಕದಲ್ಲಿ ಅದು ಸ್ಪೆಕ್ಟ್ರಮ್‌ಗಿಂತ ಎಷ್ಟೋ ಅಪರೂಪ, ಆದರೂ ಅದರ ಹೆಸರಿನಲ್ಲಿ ಹರಾಜಿನ ಗದ್ದಲವಿಲ್ಲ. ಯಾರದಾದರೂ ಮೇಜಿನ ಖಾನೆಯಲ್ಲಿ ಒಂದು ಉಳಿದಿದ್ದರೆ ಅದರ ಬ್ಯಾಟರಿಯನ್ನು ಈಗಲೇ ಹೊರತೆಗೆದು, ಒಳಗೆ ಉಳಿದಿರಬಹುದಾದ ಬರಹ, ಚಿತ್ರಗಳನ್ನು ನಕಲು ಮಾಡಿಕೊಳ್ಳುವ ದಾರಿ ಹುಡುಕಬೇಕು.