ಗುಡ್ಡದ ಮೇಲಿನ ಸೌಧ, ಕೆಳಗಿನ ಊರು

ಊರಿನಿಂದ ನೆಂಟರು ಬಂದರೆ ನಾವು ಅವರಿಗೆ ಕೆಂಪುಕೋಟೆ, ಕುತುಬ್ ಮಿನಾರ್, ರಾಷ್ಟ್ರಪತಿ ಭವನಗಳನ್ನು ತೋರಿಸುತ್ತೇವೆ. ಮೊದಲಿನೆರಡನ್ನು ಇತಿಹಾಸವೆಂದೂ ಮೂರನೆಯದನ್ನು ಬರಿಯ ಅಂದವೆಂದೂ ನೋಡಿ ಮನೆಗೆ ಮರಳುತ್ತೇವೆ. ವಾಸ್ತವವಾಗಿ ಮೂರೂ ಒಂದೇ ವರ್ಗಕ್ಕೆ ಸೇರಿದ ಕೃತಿಗಳು; ಆಳುವವನು ಆಳಿಸಿಕೊಳ್ಳುವವನಿಗೆ ಕಲ್ಲಿನಲ್ಲಿ ಹೇಳಿದ ಮಾತುಗಳು. ಕಾವ್ಯ, ನಾಟಕಗಳನ್ನು ವಿಮರ್ಶಿಸುವ ನಾವು ಕಟ್ಟಡವನ್ನು ಮಾತ್ರ ವಿಮರ್ಶೆಯ ಹೊರಗಿಟ್ಟಿದ್ದೇವೆ. ಒಲ್ಲದ ಕಾವ್ಯವನ್ನು ಓದದೆ ಬಿಡಬಹುದು. ಒಲ್ಲದ ಕಟ್ಟಡದ ಮುಂದೆ ದಿನವೂ ಹಾದುಹೋಗಲೇಬೇಕು.

1911ರ ಡಿಸೆಂಬರ್ 12ರಂದು ಐದನೆಯ ಜಾರ್ಜ್ ದೊರೆ ದೆಹಲಿ ದರ್ಬಾರಿನಲ್ಲಿ ರಾಜಧಾನಿಯ ವರ್ಗಾವಣೆಯನ್ನು ಘೋಷಿಸಿದ. ಹೊಸ ನಗರ ಉದ್ಘಾಟನೆಯಾದದ್ದು 1931ರಲ್ಲಿ. ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್‌ಗೆ ಭಾರತೀಯ ವಾಸ್ತುವಿನ ಬಗ್ಗೆ ಗೌರವವಿರಲಿಲ್ಲ. ವೈಸರಾಯ್ ಹಾರ್ಡಿಂಜ್‌ನ ಒತ್ತಾಯದಿಂದ ಛತ್ರಿ, ಛಜ್ಜಾ, ಕಲ್ಲಿನ ಜಾಲಂಧ್ರಗಳು ಸೇರಿದವು. ಗುಮ್ಮಟಕ್ಕೆ ಸಾಂಚಿಯ ಸ್ತೂಪದ ಛಾಯೆ ಬಂತು. ಕಂಬಗಳ ತಲೆಯ ಮೇಲೆ ಅವನು ಕಡೆಸಿದ ಗಂಟೆಗಳಿಗೆ ನಮ್ಮ ಮೂಡಬಿದಿರೆಯ ಬಸದಿಯೇ ಪ್ರೇರಣೆ ಎಂಬ ಮಾತಿದೆ. ಕಲ್ಲಿನ ಗಂಟೆ ಬಾರಿಸುವುದಿಲ್ಲವಾದ್ದರಿಂದ ಬ್ರಿಟಿಷರ ಆಳ್ವಿಕೆಗೂ ಕೊನೆಯ ಗಂಟೆ ಬಾರಿಸದು ಎಂಬುದು ಅದರ ಇಂಗಿತವೆಂದು ಹೇಳುವವರುಂಟು. ಹದಿನಾರೇ ವರ್ಷಗಳಲ್ಲಿ ಆ ಆಳ್ವಿಕೆ ಮುಗಿಯಿತು. ಆದರೆ ಅವರು ಕಟ್ಟಿದ ನಗರದ ವಿನ್ಯಾಸ ಉಳಿಯಿತು. ನಮ್ಮ ಚರ್ಚೆಗೆ ಮುಖ್ಯವಾದದ್ದು ಅದೇ.

ಈ ವಿನ್ಯಾಸದಲ್ಲಿ ರೈಸಿನಾ ಗುಡ್ಡದ ಮೇಲೆ ವೈಸರಾಯನ ಅರಮನೆ, ಅದರ ಮುಂದೆ ಎರಡು ಸಚಿವಾಲಯಗಳು, ಅಲ್ಲಿಂದ ಕೆಳಗೆ ನೇರ ರಾಜಮಾರ್ಗ. ಜನರ ಪ್ರತಿನಿಧಿಗಳಿಗೆ ಮೂಲ ನಕ್ಷೆಯಲ್ಲಿ ಪ್ರತ್ಯೇಕ ಭವನವೇ ಇರಲಿಲ್ಲ. 1919ರ ಸುಧಾರಣೆಗಳಿಂದ ಶಾಸನಸಭೆಗಳು ದೊಡ್ಡದಾದ ಮೇಲೆ ಅವುಗಳಿಗೊಂದು ಕಟ್ಟಡ ಬೇಕಾಯಿತು. 144 ಕಂಬಗಳ ಆ ದುಂಡು ಭವನವನ್ನು ಹರ್ಬರ್ಟ್ ಬೇಕರ್ ರಾಜಮಾರ್ಗದಿಂದ ಸರಿದು, ಗುಡ್ಡದ ಕೆಳಗೆ, ಒಂದು ಪಕ್ಕಕ್ಕೆ ಕಟ್ಟಿದ. 1927ರಲ್ಲಿ ಅದು ತೆರೆಯಿತು. ಸ್ವಾತಂತ್ರ್ಯ ಬಂದ ಮೇಲೆ ಪ್ರಜಾಪ್ರಭುತ್ವದ ಹೃದಯವೆಂದು ನಾವು ಕೊಂಡಾಡಿದ ಸಂಸತ್ತು ಹೀಗೆ ಆ ನಕ್ಷೆಯಲ್ಲಿ ತಡವಾಗಿ ಬಂದ ಅತಿಥಿ. 2023ರ ಮೇ 28ರಂದು ಉದ್ಘಾಟನೆಯಾದ ಹೊಸ ಸಂಸತ್ ಭವನವೂ ಎದ್ದದ್ದು ಅದರ ಮಗ್ಗುಲಲ್ಲೇ. 2022ರಲ್ಲಿ ರಾಜಪಥಕ್ಕೆ ಕರ್ತವ್ಯಪಥವೆಂಬ ಹೆಸರು ಬಂತು. ದಾರಿಯ ದಿಕ್ಕು ಮಾತ್ರ ಹಿಂದಿನದೇ.

ಅಧಿಕಾರದ ವಾಸ್ತು ಗುಮ್ಮಟದಲ್ಲಿ ಮುಗಿಯುವುದಿಲ್ಲ, ಜನರ ಮನೆಗಳವರೆಗೆ ಇಳಿಯುತ್ತದೆ. ಹೊಸ ದೆಹಲಿಯಲ್ಲಿ ಜನಾಂಗ ಮತ್ತು ಹುದ್ದೆಯನ್ನು ನೋಡಿ ನಿವೇಶನ ಕೊಟ್ಟರು. ದೊಡ್ಡ ಅಧಿಕಾರಿಗಳಿಗೆ ಹಸಿರು ಅಂಗಳದ ಬಂಗಲೆಗಳು; ಭಾರತೀಯ ಗುಮಾಸ್ತರಿಗೆ ದೂರದ ಗೋಲ್ ಮಾರ್ಕೆಟ್ ಸುತ್ತ ಸಾಲುಮನೆಗಳು. ಸ್ವತಂತ್ರ ಭಾರತದ ಲೋಕೋಪಯೋಗಿ ಇಲಾಖೆ ಸರೋಜಿನಿ ನಗರ, ರಾಮಕೃಷ್ಣಪುರಂಗಳನ್ನು ಕಟ್ಟಿದಾಗಲೂ ಹುದ್ದೆಗೆ ತಕ್ಕ ‘ಟೈಪು’ಗಳ ಪದ್ಧತಿಯನ್ನು ಮುಂದುವರಿಸಿತು. ಸರಕಾರಿ ನೌಕರಿ ಹಿಡಿದು ಬಂದ ನಮ್ಮವರು ಈ ಪದ್ಧತಿಯನ್ನು ಎಷ್ಟು ಬೇಗ ಮೈಗೂಡಿಸಿಕೊಂಡರೆಂದರೆ, ಊರಲ್ಲಿ ‘ಯಾವ ಕಡೆಯವರು?’ ಎಂದು ಕೇಳುತ್ತಿದ್ದವರು ಇಲ್ಲಿ ‘ಯಾವ ಟೈಪಿನ ಮನೆ?’ ಎಂದು ಕೇಳತೊಡಗಿದರು. ಗಂಡನ ಹುದ್ದೆ, ಮಕ್ಕಳ ಜತೆಗಾರರು, ಅರಿಶಿನ ಕುಂಕುಮಕ್ಕೆ ಕರೆಯಬಹುದಾದವರು ಯಾರು ಎಂಬುದೆಲ್ಲ ಆ ಒಂದು ಅಂಕಿಯಿಂದ ತಿಳಿಯುತ್ತಿತ್ತು. ಕಟ್ಟಡ ಸಂಸ್ಕೃತಿಯನ್ನು ರೂಪಿಸುತ್ತದೆ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಸರೋಜಿನಿ ನಗರ, ನೌರೋಜಿ ನಗರ ಮೊದಲಾದ ಏಳು ಕಾಲೊನಿಗಳ ಪುನರ್ನಿರ್ಮಾಣಕ್ಕೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಹಳೆಯ ಮನೆಗಳೊಂದಿಗೆ ಬೇವಿನ ಮರದ ನೆರಳಿನ ಅಂಗಳಗಳೂ ಹೋದವು. ಟೈಪುಗಳು ಈಗ ಬಹುಮಹಡಿಗಳನ್ನು ಏರಿವೆ.

ಇದು ಪರಕೀಯರ ಪಾಪವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನ ವಿಧಾನಸೌಧವನ್ನು ನೋಡೋಣ. 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದ ಕಟ್ಟಡದ ನಕ್ಷೆಯನ್ನು ಕೆಂಗಲ್ ಹನುಮಂತಯ್ಯನವರು ಬದಲಿಸಿ, ಹಿಗ್ಗಿಸಿ, ಗ್ರಾನೈಟಿನಲ್ಲಿ ದ್ರಾವಿಡ ವೈಭವವನ್ನು ನಿಲ್ಲಿಸಿದರು. 1956ರಲ್ಲಿ ಅದು ಪೂರ್ಣಗೊಂಡಿತು. ಎದುರಿಗಿರುವ ಬ್ರಿಟಿಷರ ಕೆಂಪು ಅಠಾರಾ ಕಚೇರಿಗೆ ಅದು ಸ್ವಾಭಿಮಾನದ ಉತ್ತರ. ಆ ಸ್ವಾಭಿಮಾನಕ್ಕೆ ಕನ್ನಡಿಗರೆಲ್ಲ ಋಣಿಗಳು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಹಣೆಯಲ್ಲಿ ಬರೆಸಿಕೊಂಡ ಸೌಧಕ್ಕೆ ರೈತ ಬರುವುದು ಪ್ರಜೆಯಾಗಿಯೋ, ಭಕ್ತನಾಗಿಯೋ? ಅಲಂಕಾರ ಸ್ವದೇಶಿಯಾಯಿತು; ಮೇಲಿನವನಿಗೂ ಕೆಳಗಿನವನಿಗೂ ಇರುವ ಅಂತರ ರೈಸಿನಾದಲ್ಲಿದ್ದಂತೆಯೇ ಉಳಿಯಿತು. ಅದರ ವಿಶಾಲವಾದ ಮೆಟ್ಟಿಲುಗಳು ಜನ ಕೂರಲು ಹೇಳಿ ಮಾಡಿಸಿದಂತಿವೆ, ಆದರೆ ಅವುಗಳ ಮುಂದೆ ಬೇಲಿ ಇದೆ. ಬೆಂಗಳೂರಿನಲ್ಲಿ ಪ್ರತಿಭಟನೆಗೆಂದು ಗೊತ್ತುಮಾಡಿದ ಜಾಗ ಫ್ರೀಡಂ ಪಾರ್ಕ್, ಅಂದರೆ ಹಳೆಯ ಸೆಂಟ್ರಲ್ ಜೈಲು!

ಹಾಗೆಂದು ಕಟ್ಟಿಸಿದವನ ಮಾತೇ ಕಡೆಯ ಮಾತಲ್ಲ. ಸಾಮ್ರಾಜ್ಯದ ಮೆರವಣಿಗೆಗೆಂದು ಹಾಸಿದ ಇಂಡಿಯಾ ಗೇಟಿನ ಹುಲ್ಲುಹಾಸನ್ನು ದೆಹಲಿಯ ಜನ ಬೇಸಿಗೆಯ ರಾತ್ರಿಗಳಲ್ಲಿ ಬುತ್ತಿ ಬಿಚ್ಚಿ, ಐಸ್‌ಕ್ರೀಂ ತಿಂದು ತಮ್ಮದಾಗಿಸಿಕೊಂಡರು. 1988ರಲ್ಲಿ ಮಹೇಂದ್ರ ಸಿಂಗ್ ಟಿಕಾಯತರ ರೈತರು ಬೋಟ್ ಕ್ಲಬ್ಬಿನ ಅಂಗಳದಲ್ಲಿ ಒಲೆ ಹೂಡಿ ದಿನಗಟ್ಟಲೆ ಕುಳಿತರು. ಆ ನಕ್ಷೆಗೆ ಜನ ಬರೆದ ಅತ್ಯಂತ ಗಟ್ಟಿಯಾದ ವಿಮರ್ಶೆ ಅದು. ಅಧಿಕಾರಕ್ಕೆ ಅದರ ಅರ್ಥವಾಯಿತೆಂದು ತೋರುತ್ತದೆ. ಮುಂದಿನ ದಶಕದಲ್ಲಿ ಪ್ರತಿಭಟನೆಗಳು ಜಂತರ್ ಮಂತರ್ ರಸ್ತೆಗೆ ಸರಿದವು.

ಆದ್ದರಿಂದ ಕಟ್ಟಡವನ್ನು ನೋಡುವಾಗ ಗುಮ್ಮಟದ ಎತ್ತರ ಎಷ್ಟೆಂದು ಕೇಳುವುದರ ಜತೆಗೆ, ಕೆಲಸವಿಲ್ಲದ ಸಾಮಾನ್ಯನೊಬ್ಬ ಅದರ ಮುಂದೆ ಅಂಜಿಕೆಯಿಲ್ಲದೆ ಎಷ್ಟು ಹೊತ್ತು ಕೂರಬಹುದೆಂದೂ ಕೇಳಬೇಕು. ಈ ಪ್ರಶ್ನೆಯನ್ನು ಸರಕಾರಕ್ಕೆ ಕೇಳುವ ಮುನ್ನ ನಮ್ಮನ್ನೂ ಕೇಳಿಕೊಳ್ಳುವುದು ಒಳ್ಳೆಯದು. ಹೊರನಾಡ ಕನ್ನಡ ಸಂಘಗಳ ಸಭಾಂಗಣಗಳಲ್ಲಿ ಮುಂದಿನ ಸಾಲಿನ ಕುರ್ಚಿಗಳಿಗೆ ಬಿಳಿಯ ಹೊದಿಕೆ ಹಾಕಿ ಗಣ್ಯರಿಗೆಂದು ಕಾದಿರಿಸುವ ಕ್ರಮ ನಮಗೆಲ್ಲ ಗೊತ್ತು. ರೈಸಿನಾ ಗುಡ್ಡದ ಪಾಠ ಅಲ್ಲಿಯವರೆಗೂ ಬಂದಿದೆ. ಗುಡ್ಡವನ್ನು ಸಮತಟ್ಟು ಮಾಡುವುದು ನಮ್ಮ ಕೈಲಾಗದ ಕೆಲಸ. ಕುರ್ಚಿಯ ಹೊದಿಕೆ ತೆಗೆಯುವುದು ಆಗಬಹುದು.